ಬೆಟ್ಟದ ನೆತ್ತಿಯ ಕಸ

ಹಿಮಾಯತ್‌ನಗರದಲ್ಲಿ ನಮ್ಮ ಮನೆ ಮೂರನೇ ಅಂತಸ್ತಿನಲ್ಲಿದೆ. ಲಿಫ್ಟ್ ಕೆಟ್ಟಾಗಲೆಲ್ಲ ಮೊಮ್ಮಗಳಿಗಿಂತ ಮೊದಲು ಮೇಲೆ ಮುಟ್ಟುವವಳು ನಾನೇ. ಅದನ್ನು ನೋಡಿಯೇ ಅವಳು ಹೋದ ವರ್ಷ ನನ್ನನ್ನು ಹಿಮಾಲಯಕ್ಕೆ ಕರೆದುಕೊಂಡು ಹೋದದ್ದು. ಮಾದಾಪುರದ ಅವಳ ಆಫೀಸಿನ ತಂಡ. ಅವಳೇ ಮುಂದಾಳು, ಅದೂ ಮೊದಲ ಸಲ. ಮುದುಕಿ ಯಾಕೆ ಎಂದವರಿಗೆ, ನಮ್ಮಜ್ಜಿ ಹೇಳಿದ ಮಾತು ಮೀರುವವಳಲ್ಲ ಎಂದು ಜವಾಬು ಕೊಟ್ಟಿದ್ದಳಂತೆ.

ಮರಗಳು ಮುಗಿದ ಮೇಲೆ ಬರೀ ಏಣು. ಎರಡೂ ಕಡೆ ಇಳಿಜಾರು, ನಡುವೆ ಒಬ್ಬರು ನಡೆಯುವಷ್ಟು ಕಾಲುದಾರಿ, ಒಂದೇ ಸಮನೆ ಗಾಳಿ. ನೆಲಕ್ಕೆ ಅಂಟಿದ ಗಿಡಗಳು ಬಿಟ್ಟರೆ ಏನೂ ಇಲ್ಲ. ಎಲ್ಲರೂ ಚಂದ ಚಂದ ಎಂದರು. ನನಗೆ ಬೀಳು ಬಿಟ್ಟ ಹೊಲದ ಹಾಗೆ ಕಂಡಿತು. ದಾರಿ ತೋರಿಸಲು ಬಂದಿದ್ದ ಅಲ್ಲಿಯ ಹೆಂಗಸು ಎಲ್ಲರನ್ನೂ ನಿಲ್ಲಿಸಿ ಹಿಂದಿಯಲ್ಲಿ ಏನೋ ಹೇಳಿದಳು. ಕಿವಿಗೆ ಮಫ್ಲರ್ ಸುತ್ತಿಕೊಂಡು ಹಿಂದೆ ನಿಂತಿದ್ದ ನನಗೆ ಗಿಡ ನಾಜೂಕು ಎಂಬುದಷ್ಟೇ ಕೇಳಿಸಿತು.

"ಏನಂದಳ ಆಕಿ?" ಎಂದು ಮೊಮ್ಮಗಳನ್ನು ಕೇಳಿದೆ.

"ದಾರಿ ಬಿಟ್ಟು ಇಳಿಬ್ಯಾಡ ಅಜ್ಜಿ. ಕಸಾ ಕಂಡ್ರ ತಗಿ. ಅಷ್ಟ."

"ಅಷ್ಟೇನು? ಸಣ್ಣಾಕಿ ಇದ್ದಾಗಿಂದ ಅದನ್ನ ಮಾಡೇನಿ."

ಅವಳು ಹೈದರಾಬಾದಿನಲ್ಲಿ ಬೆಳೆದವಳು. ಕಸವೆಂದರೆ ಅವಳಿಗೆ ಬಿಸ್ಕಿಟ್ ಕಾಗದ, ನೀರಿನ ಬಾಟಲಿ. ನಾನು ಬೀದರ್ ಕಡೆಯ ಹೊಲಗಳಲ್ಲಿ ಕೂಲಿಗೆ ಕಸ ತೆಗೆದವಳು. ಉದ್ದಿನ ಸಾಲಿನಲ್ಲಿ ಉದ್ದಲ್ಲದ್ದೆಲ್ಲ ಕಸ. ನಾಲ್ಕನೇ ಇಯತ್ತೆಗೆ ನನ್ನ ಶಾಲೆ ಬಿಡಿಸಿದ್ದೇ ಆ ಕೆಲಸಕ್ಕೆ.

ದಣಿವಾರಿಸಿಕೊಳ್ಳಲು ಕೂತಾಗ ದಾರಿಯ ಅಂಚಿನಲ್ಲಿ ಸಣ್ಣ ಹಳದಿ ಹೂಗಳು ಕಂಡವು. ಅವುಗಳ ಸುತ್ತ ಒರಟಾದ, ಹೂವಿಲ್ಲದ ಹಸಿರು ದಟ್ಟವಾಗಿ ಮುತ್ತಿತ್ತು. ನಾಜೂಕು ಗಿಡ ಎಂದರೆ ಹೂವಿನದು, ಉಳಿದದ್ದು ಕಸ ಎಂದುಕೊಂಡೆ. ಕಾಲು ದಾರಿಯ ಮೇಲೆಯೇ ಇಟ್ಟು, ಕೈ ಚಾಚಿ, ಬೇರು ಸಮೇತ ಕಿತ್ತು, ಮಣ್ಣು ಕೊಡವಿ ಗುಡ್ಡೆ ಹಾಕಿದೆ. ಕೈ ಏನೂ ಮರೆತಿರಲಿಲ್ಲ.

"ಅಯ್ಯೋ, ಏಂ ಚೇಶಾರು ಅಮ್ಮಮ್ಮಾ!" ಏನು ಮಾಡಿದಿರಿ ಅಜ್ಜಿ ಎಂದು ತಂಡದ ತೆಲುಗು ಹುಡುಗಿ ಕೂಗಿದಳು.

ಎಲ್ಲರೂ ತಿರುಗಿದರು. ಮೊರದಷ್ಟು ನೆಲ ಕರ್ರಗೆ ಬೋಳಾಗಿತ್ತು. ನಾನು ನಗುತ್ತಿದ್ದೆ. "ಸ್ವಚ್ಛ ಮಾಡೀನಿ ನೋಡ್ರಿ," ಎಂದೂ ಹೇಳಿದೆ. ಕಿತ್ತದ್ದಕ್ಕಿಂತ ಆ ನಗುವಿಗೇ ಈಗಲೂ ಮೈ ಹಿಡಿಯಾಗುತ್ತದೆ.

ದಾರಿ ತೋರಿಸುವವಳು ಬೈಯಲಿಲ್ಲ. ಕೂತು ಒಂದೊಂದೇ ಗಿಡವನ್ನು ಮತ್ತೆ ಮಣ್ಣಿಗೆ ಒತ್ತಿದಳು. ಹಿಡಿಯುತ್ತದೆಯೇ ಎಂದು ಕೇಳಿದೆ. ಇಲ್ಲ, ಇಷ್ಟು ಹಬ್ಬಲು ತನ್ನ ಮಗಳ ವಯಸ್ಸಿನಷ್ಟು, ಹದಿನೈದಿಪ್ಪತ್ತು ವರ್ಷ ಬೇಕು ಎಂದಳು.

"ತಪ್ಪು ನನ್ನದು, ನಾನೇ ಸರಿಯಾಗಿ ಹೇಳಲಿಲ್ಲ," ಎಂದು ಮೊಮ್ಮಗಳು ಹಿಂದಿಯಲ್ಲಿ ಹೇಳಿ ಎಲ್ಲರಿಗೂ ಕೈ ಮುಗಿದಳು. ಅವಳ ಕಿವಿಗಳು ಕೆಂಪಾಗಿದ್ದವು. ಇದಕ್ಕೇ ಬೇಡ ಅಂದದ್ದು ಎಂದು ಯಾರೋ ತೆಲುಗಿನಲ್ಲಿ ಗೊಣಗಿದರು. ನಮಗೆ ತೆಲುಗು ಬಾರದೆಂದು ತಿಳಿದರೋ ಏನೋ. ನಾನು ನನ್ನ ಬಾಜಾರಿನ ಹಿಂದಿಯಲ್ಲಿ, ಆಕೆಯದೇನೂ ಇಲ್ಲ, ಕಿತ್ತವಳು ನಾನು ಎಂದೆ.

ಮುಂದೆ ಗಿಡ ಇನ್ನೂ ದಟ್ಟ, ಅಮ್ಮ ಇಲ್ಲೇ ಇರಲಿ ಎಂದಳು ದಾರಿ ತೋರಿಸುವವಳು. ಮೊಮ್ಮಗಳು ನನ್ನ ಪಕ್ಕ ಕೂತೇಬಿಟ್ಟಳು. ಮುಟ್ಟಲೇಬೇಕೆಂದಿದ್ದ ಆ ಬೆಟ್ಟದ ನೆತ್ತಿಯ ಫೋಟೋವನ್ನು ಅವಳು ಹೊರಡುವ ಮೊದಲೇ ಅಡಿಗೆಮನೆಯ ಫ್ರಿಜ್ಜಿಗೆ ಅಂಟಿಸಿದ್ದಳು.

"ಏ, ನೀ ಹೋಗು. ನೀ ಕೂತ್ರ ನನಗ ಇನ್ನೂ ನಾಚಿಕಿ."

"ನಿನ್ನ ಒಬ್ಬಾಕಿನ್ನ ಬಿಟ್ಟು ಹ್ಯಾಂಗ ಹೋಗ್ಲಿ? ಬರೂದ್ರಾಗ ಇಡೀ ಬೆಟ್ಟ ಬೋಳಸಿರ್ತಿ."

ಅವಳೂ ನಗಲಿಲ್ಲ, ನಾನೂ ನಗಲಿಲ್ಲ. ಮಂದಿ ಸಾಲಾಗಿ ಮೇಲೆ ಹತ್ತಿ ಸಣ್ಣಗಾದರು. ಅವಳು ಚಪಾತಿಯ ಗಂಟು ಬಿಚ್ಚಿದಳು. ನನ್ನ ಉಗುರಿನಲ್ಲಿ ಇನ್ನೂ ಆ ಮಣ್ಣಿತ್ತು. ಕೈಯನ್ನು ಶಾಲಿನೊಳಗೆ ಎಳೆದುಕೊಂಡು ಹಸಿವಿಲ್ಲ ಎಂದೆ.

"ಸುಳ್ಳ ಹೇಳಬ್ಯಾಡ," ಎಂದು ತುತ್ತು ಮುರಿದು ಬಾಯಿಗೆ ಹಿಡಿದಳು.

ಹಸಿವಿತ್ತು. ತಿಂದೆ. ಎದುರಿಗೇ ಆ ನೆಲ, ಮತ್ತೆ ಒತ್ತಿಟ್ಟ ಗಿಡಗಳು ಆಗಲೇ ಬಾಡತೊಡಗಿದ್ದವು.