ಪಕ್ಕದ ಮನೆಯವರನ್ನೇ ಕರ್ಕೊಂಡು ಬಾ

ಹಲಸೂರಿನ ನಮ್ಮ ಬುದ್ಧ ವಿಹಾರದಲ್ಲಿ ಭಾನುವಾರದ ವಂದನೆ ಮುಗಿದ ಕೂಡಲೇ ಎಲ್ಲರೂ ಚಿತ್ರಾನ್ನದ ಕಡೆ ಓಡುತ್ತೇವೆ. ಗೋವಿಂದಮ್ಮ ಮಾತ್ರ ಗೋಡೆಯ ಪಕ್ಕ ಎರಡು ಚಾಪೆ ಹಾಸಿ, ಒಂದರ ಮೇಲೆ ತಾವು ಕೂತು ಇನ್ನೊಂದನ್ನು ಖಾಲಿ ಬಿಡುತ್ತಾರೆ. "ಕಷ್ಟ ಇರೋರು ಬಂದು ಕೂತ್ಕೊಳ್ಳಿ. ನಿಮ್ಮ ಜೊತೆ ಕೂತು, ಒಳ್ಳೇದಾಗ್ಲಿ ಅನ್ನೋ ಮೈತ್ರಿ ಪಠಣ ಮಾಡ್ತೀನಿ. ಯಾಕೆ ಅಂತ ಕೇಳಲ್ಲ, ಯಾರಿಗೂ ಹೇಳಲ್ಲ" ಎಂದು ಗಟ್ಟಿಯಾಗಿ ಹೇಳುತ್ತಾರೆ. ಯಾರೂ ಕೂರುತ್ತಿರಲಿಲ್ಲ. ಮುಂದಿನ ವಾರ ಮತ್ತೆ ಹಾಸುತ್ತಿದ್ದರು.

ಅವರು ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ, ಮಕ್ಕಳ ವಾರ್ಡಿನ ಆಯಾ ಆಗಿದ್ದವರು. ಈಗ ವಿಮಾನಪುರದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ನಿವೃತ್ತಿಯಾದ ಮೇಲೆ ಭಿಕ್ಖುಣಿಯೊಬ್ಬರ ಹತ್ತಿರ ಈ ಕೆಲಸ ಕಲಿತರು. ಪಠಣ ಬೇಗ ಬಂತಂತೆ, ಸುಮ್ಮನೆ ಕೂರುವುದು ಬರಲಿಲ್ಲವಂತೆ. "ಎಲ್ಲಾ ಸರಿಹೋಗುತ್ತೆ ಅನ್ನೋ ಮಾತು ನಾಲಿಗೆ ತುದೀಲೇ ಇರೋದು ಕಣಮ್ಮ. ಅದನ್ನ ನುಂಗೋಕೇ ಅರ್ಧ ಟ್ರೈನಿಂಗ್ ಹೋಯ್ತು" ಎಂದು ನಗುತ್ತಾರೆ.

ನಾವು ಕೂರದಿರುವುದಕ್ಕೆ ಕಾರಣವಿತ್ತು. ತಾಯತ, ಮಂತ್ರ, ದೃಷ್ಟಿ ತೆಗೆಯೋದು ಎಲ್ಲ ಬಿಟ್ಟು ಧಮ್ಮಕ್ಕೆ ಬಂದ ಮನೆಗಳು ನಮ್ಮವು. ಮತ್ತೆ ಇದೇನು ಅಂತ ಮುಜುಗರ. ನನ್ನ ಮಾವ ರಾಮಯ್ಯ ವಿಹಾರದ ಹಿರಿಯರು, ಚಾಪೆ ಕಂಡರೆ ಸಾಕು, ರೇಗಿಸುತ್ತಿದ್ದರು.

"ಏನ್ ಗೋವಿಂದಮ್ಮ, ನಿಂಬೆಹಣ್ಣು ಎಲ್ಲಿ? ಬೇವಿನಸೊಪ್ಪು ತರಿಸ್ಲಾ?"

"ನಿಂಬೆಹಣ್ಣು ತರಿಸಿ ರಾಮಯ್ಯ. ಚಿತ್ರಾನ್ನಕ್ಕೆ ಹುಳಿ ಕಮ್ಮಿ ಆಗಿದೆ."

ನನ್ನ ಮಗಳು ತೇಜಶ್ರೀಗೆ ಒಂದೂವರೆ ವರ್ಷ. ಹೃದಯದಲ್ಲಿ ರಂಧ್ರವಿದೆ, ಆಪರೇಷನ್ ಆಗಬೇಕು ಎಂದು ಡಾಕ್ಟರ್ ಹೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಅವಳು ಮಲಗಿದರೆ ಮೂಗಿನ ಕೆಳಗೆ ಬೆರಳು ಹಿಡಿಯುತ್ತೇನೆ. ಅತ್ತರೆ ತುಟಿ ನೀಲಿಯಾಯಿತಾ ಎಂದು ನೋಡುತ್ತೇನೆ. ಮೊಬೈಲಿನಲ್ಲಿ ಓದಬಾರದ್ದನ್ನೆಲ್ಲ ಓದಿದ್ದೇನೆ. "ಡಾಕ್ಟರ್ ಧೈರ್ಯ ಹೇಳಿದಾರಲ್ಲ, ಇನ್ನೇನು?" ಎನ್ನುತ್ತಾನೆ ಗಂಡ ಸುಗತ. ಡಾಕ್ಟರ ಮೇಲೆ ನನಗೂ ನಂಬಿಕೆಯಿದೆ. ನಂಬಿಕೆಯಿಲ್ಲದಿದ್ದದ್ದು ನನ್ನ ಮೇಲೆ. ಅವಳನ್ನು ಅವರ ಕೈಗೆ ಕೊಟ್ಟು ಬಾಗಿಲ ಹೊರಗೆ ನಿಲ್ಲುವುದು ಹೇಗೆ?

ಒಂದು ಭಾನುವಾರ, ಮಾವ ಕೈ ತೊಳೆಯಲು ಹೋದ ಸಮಯ ನೋಡಿ ಚಾಪೆಯ ಹತ್ತಿರ ನಿಂತೆ. ಕೂರಲಿಲ್ಲ.

"ಆಂಟಿ, ನಮ್ಮ ಪಕ್ಕದ ಮನೆಯವರ ಮಗುಗೆ ಹುಷಾರಿಲ್ಲ. ಅವರಿಗೋಸ್ಕರ ಪಠಣ ಮಾಡ್ತೀರಾ?"

"ಮಾಡ್ತೀನಿ. ಅವರನ್ನೇ ಕರ್ಕೊಂಡು ಬಾ."

"ಅವರಿಗೆ ಬರೋಕೆ... ಒಂಥರಾ."

"ಪಾಪ! ನಿಂತ್ಕೊಂಡು ಕೇಳೋರೆಲ್ಲ ಹಿಂಗೇ. ಈ ಹಲಸೂರಲ್ಲಿ ಯಾರ ಮನೇಲೂ ಕಷ್ಟ ಇಲ್ಲ, ಎಲ್ಲಾ ಪಕ್ಕದ್ಮನೇಲೇ." ಆಮೇಲೆ ಮೆಲ್ಲಗೆ, "ಚಾಪೆ ಇಲ್ಲೇ ಇರುತ್ತೆ ಅಂತ ಹೇಳು ಅವರಿಗೆ" ಎಂದರು.

ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದೆ. ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ಗೋವಿಂದಮ್ಮನ ಮಗಳು ಹಂಸ, ಇವಳು ಕೆಲಸ ಮಾಡ್ತಿದ್ದ ವಾರ್ಡಲ್ಲೇ ತೀರ್ಕೊಂಡಿದ್ದು. ನಮಗ್ಯಾರಿಗೂ ಒಂದು ಮಾತು ಹೇಳಿರ್ಲಿಲ್ಲ. ಆಮೇಲೆ ನಾವೆಲ್ಲ ಹೋಗಿ, ಹೇಳಿದ್ರೆ ಬಂದು ಜೊತೆಗೆ ಕೂರ್ತಿದ್ವಲ್ಲ ಅಂದ್ವಿ. ಕೇಳ್ಬೇಕು ಅಂತ ನಂಗೆ ಗೊತ್ತೇ ಆಗ್ಲಿಲ್ಲ ಅಂದ್ಲು. ಅವತ್ತಿಂದ ಅವಳಿಗೆ ಇದೇ ಹಟ."

ಮುಂದಿನ ಭಾನುವಾರ ವಂದನೆ ಮುಗಿಯುತ್ತಲೇ ತೇಜಶ್ರೀಯನ್ನು ಎತ್ತಿಕೊಂಡು ಸೀದಾ ಹೋಗಿ ಕೂತೆ.

"ಪಕ್ಕದ್ಮನೆಯವರು ಬಂದ್ರಾ?"

"ನಾನೇ ಆಂಟಿ. ನನಗೇ ಬೇಕು. ನಮ್ಮ ತೇಜುಗೆ ಆಪರೇಷನ್."

ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು ಮಾತು. ಚಿತ್ರಾನ್ನದ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾವ ಕೈಯಲ್ಲಿ ತಟ್ಟೆ ಹಿಡಿದು ಬಂದು ನಮ್ಮೆದುರು ನಿಂತರು. ನಿಂಬೆಹಣ್ಣಿನ ಮಾತು ಈಗ ಬರುತ್ತದೆ, ಬಂದರೂ ಏಳಬಾರದು ಎಂದು ಹಲ್ಲು ಕಚ್ಚಿದೆ.

"ಸ್ವಲ್ಪ ಜರುಗಮ್ಮ" ಎಂದರು ಮಾವ. "ನಂಗೆ ಮಂಡಿ ಮಡಿಚೋಕಾಗಲ್ಲ. ಒರಗೋಕೆ ಗೋಡೆ ಬೇಕು."

"ನಿಂಬೆಹಣ್ಣು ತಂದ್ರಾ ರಾಮಯ್ಯ?"

"ಸುಮ್ನೆ ಶುರು ಮಾಡಮ್ಮ."

ಪಠಣ ನಡೆದಷ್ಟು ಹೊತ್ತೂ ನಾನು ಅಳುತ್ತಲೇ ಇದ್ದೆ. ಎಲ್ಲ ಸರಿಹೋಗುತ್ತೆ ಎನ್ನುತ್ತಾರೇನೋ ಎಂದು ಕಾದೆ. ಗೋವಿಂದಮ್ಮ ಅನ್ನಲಿಲ್ಲ. ಮುಗಿದ ಮೇಲೂ ನಾನಾಗಿ ಏಳುವ ತನಕ ಕೂತೇ ಇದ್ದರು.

ವಿಹಾರದ ಪತ್ರಿಕೆಯ ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಆಪರೇಷನ್ ಆಗಿರುತ್ತದೆ. ನನ್ನ ಭಯವೇನೂ ಹೋಗಿಲ್ಲ. ಇದನ್ನು ಬರೆಯುತ್ತಿರುವಾಗಲೂ ಎದ್ದು ಹೋಗಿ ಮಗಳ ಮೂಗಿನ ಕೆಳಗೆ ಬೆರಳು ಹಿಡಿದು ಬಂದೆ. ಆದರೆ ಬುಧವಾರ ಆ ಬಾಗಿಲ ಹೊರಗಿನ ಬೆಂಚಿನಲ್ಲಿ ಗೋವಿಂದಮ್ಮ ನನ್ನ ಪಕ್ಕ ಇರುತ್ತಾರೆ. ನಾನು ಕೇಳಿದೆ, ಅವರು ಒಪ್ಪಿದರು. ನೀವೂ ಕೇಳಿ. ಭಾನುವಾರ ಚಾಪೆ ಹಾಸಿರುತ್ತದೆ. ಪಕ್ಕದ ಮನೆಯವರನ್ನು ಅವರ ಮನೆಯಲ್ಲೇ ಬಿಟ್ಟು ನೀವು ಬನ್ನಿ.

ನಿನ್ನೆ ಅವರಿಗೆ ಫೋನ್ ಮಾಡಿ, ಬುಧವಾರ ಬೆಳಿಗ್ಗೆ ನಾನು ಉಪವಾಸ ಇರಬೇಕಾ ಎಂದು ಕೇಳಿದೆ.

"ತಿಂಡಿ ತಿಂದು ಬಾ" ಎಂದರು ಗೋವಿಂದಮ್ಮ. "ಖಾಲಿ ಹೊಟ್ಟೇಲಿ ಇರ್ಬೇಕಾದ್ದು ಮಗು, ನೀನಲ್ಲ."