ಗಂಜಿಯಲ್ಲಿ ತೇಲಿದ ಜಿಡ್ಡು

ಥೂ, ಆ ಗಂಜಿಯನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ.

ಕ್ಯಾನ್ಸರ್ ಎಂದು ನನ್ನ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದಿದ್ದರು. ಜಿಗಣಿಯ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು, ಆಯಿಲ್ ವಾಸನೆಯ ಕೈಯಲ್ಲೇ ಮುದ್ದೆ ಮುರಿದು ನುಂಗಿದವನು ನಾನು. ಈಗ ಎಲೆಕ್ಟ್ರಾನಿಕ್ ಸಿಟಿಯ ಆಸ್ಪತ್ರೆಯಲ್ಲಿ ಮಲಗಿ ಒಂದು ಗುಟುಕು ನೀರಿಗೂ ಮುಖ ಸಿಂಡರಿಸುತ್ತಿದ್ದೆ. ಆಪರೇಷನ್ ಆದ ಮಾರನೆಯ ದಿನವೇ ಡಾಕ್ಟರಮ್ಮ ನೀರು ಕುಡಿಸಿದ್ದರು. "ಬಾಯಿಂದ ಬೇಗ ಶುರು ಮಾಡಿದ್ರೆ ಒಳ್ಳೇದು. ನಾಳೆಯಿಂದ ಗಂಜಿ ತಿಳಿ. ತಿಳಿ ಮಾತ್ರ, ಗೊತ್ತಾಯ್ತಾ?" ಎಂದಿದ್ದರು.

ನನ್ನನ್ನು ನೋಡಿಕೊಳ್ಳಲು ಬಂದಿದ್ದ ಅಕ್ಕನಿಗೆ ಇದು ಅನ್ಯಾಯವಾಗಿ ಕಂಡಿತು. ನಮ್ಮ ಕಡೆ ಬಾಣಂತಿಗಾಗಲಿ, ಕೈ ಮುರಿದುಕೊಂಡವನಿಗಾಗಲಿ, ಕುರಿಯ ಕಾಲು ಸೂಪ್ ಕುಡಿಸದವರು ನೆಂಟರೇ ಅಲ್ಲ. "ಬರೀ ಗಂಜಿ ನೀರ್ ಕುಡುದ್ರೆ ಮೈಗೆ ಶಕ್ತಿ ಬತ್ತದಾ?" ಎಂದು ಗೊಣಗುತ್ತಲೇ ಮರುದಿನ ಗಂಜಿಯ ಚಮಚವನ್ನು ನನ್ನ ಬಾಯಿಗಿಟ್ಟಳು. ನಾಲಿಗೆಗೆ ಜಿಡ್ಡು ಅಂಟಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಹೊಡೆಯಿತು. ಕುಡಿದದ್ದೆಲ್ಲ ವಾಪಸ್ಸು ಬಂದು ಗಲ್ಲದಿಂದ ಇಳಿದು, ದಿಂಬು, ಹೊಟ್ಟೆಯ ಪಟ್ಟಿ ಎಲ್ಲ ಗಲೀಜಾಯಿತು. ನನ್ನ ಮೈಯೇ ನನಗೆ ಹೇಸಿಗೆಯಾಯಿತು.

ಡಾಕ್ಟರಮ್ಮನ ಮುಖ ಕಪ್ಪಿಟ್ಟಿತು. ಒಳಗಿನ ಹೊಲಿಗೆ ಬಿಟ್ಟಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕು, ಸ್ಕ್ಯಾನ್ ಆಗುವ ತನಕ ಬಾಯಿಗೆ ಏನೂ ಬೇಡ ಎಂದರು. ಆಗ ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡು, "ಗಂಜಿಗೆ ವಸಿ ಕಾಲು ಸೂಪ್ ಬೆರ್ಸಿದ್ದೆ ಕಣಮ್ಮಾ" ಎಂದಳು.

ನನ್ನ ಮೈಯೆಲ್ಲ ಉರಿಯಿತು. "ನನ್ನ ಸಾಯ್ಸೋಕೆ ಬಂದಿದೀಯಾ?" ಎಂದೆ.

ಪುಣ್ಯಕ್ಕೆ ಹೊಲಿಗೆ ಗಟ್ಟಿಯಾಗಿತ್ತು. ಮತ್ತೆ ಗಂಜಿ ತಿಳಿ ಬಂತು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಲೋಟ ಕಂಡರೆ ವಾಕರಿಕೆ, ಚಮಚದ ಸದ್ದು ಕೇಳಿದರೂ ವಾಕರಿಕೆ. ಡಾಕ್ಟರಮ್ಮ ಗದರಿ ಹೋದರು. ನಾನು ಜಗ್ಗಲಿಲ್ಲ.

ಲೋಟ ಹಿಡಿದಿದ್ದ ಅಕ್ಕ ಮಂಚಕ್ಕೆ ಆತುಕೊಂಡು ಹಾಗೇ ಕೆಳಗೆ ಕುಸಿದಳು. ಮುಖದ ತುಂಬ ಬೆವರು.

"ಏನಾಯ್ತಕ್ಕಾ?"

"ಏನಿಲ್ಲ ಕಣಪ್ಪಾ. ನಿನ್ ಒಟ್ಟೇಲಿ ಗಂಜಿ ನಿಲ್ಲೋಗಂಟ ನಾನೂ ಉಣ್ಣಾಕಿಲ್ಲ ಅಂತ ಮುನೇಶ್ವರಂಗೆ ಏಳ್ಕಂಡಿವ್ನಿ."

ಶುಗರ್ ಇರುವ ಹೆಂಗಸು, ಆಪರೇಷನ್ ದಿನದಿಂದ ಬರೀ ಟೀ ಕುಡಿದುಕೊಂಡಿದ್ದಾಳೆ! ಅವಳ ಮೇಲೂ ಆ ಮುನೇಶ್ವರನ ಮೇಲೂ ಸಿಟ್ಟು ಬಂತು. "ಹಾಕು, ಹಾಳಾಗ್ ಹೋಗ್ಲಿ" ಎಂದು ಬಾಯಿ ತೆರೆದೆ.

ಜಿಡ್ಡಿಲ್ಲ ಎಂದು ಅವಳು ಚಮಚವನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಬೆಚ್ಚಗೆ, ಸಪ್ಪೆ, ಲೋಳೆ ಲೋಳೆ. ಹೇಸಿಕೊಂಡೇ ನುಂಗಿದೆ. ಇಬ್ಬರೂ ಕಾದೆವು. ಗಂಜಿ ಮೇಲೆ ಬರಲಿಲ್ಲ.

ಅಕ್ಕ ಚೀಲದಿಂದ ಫ್ಲಾಸ್ಕ್ ತೆಗೆದಳು. ಇಷ್ಟೆಲ್ಲ ಆದ ಮೇಲೂ ನನಗೆಂದು ಮತ್ತೆ ಕಾಲು ಸೂಪ್ ತಂದಿದ್ದಳು. ಮುಚ್ಚಳ ತೆಗೆದದ್ದೇ ಅದೇ ದರಿದ್ರ ವಾಸನೆ ರೂಮನ್ನೆಲ್ಲ ತುಂಬಿತು. ಅವಳು ಅದನ್ನು ತಾನೇ ಕುಡಿಯತೊಡಗಿದಳು. ಮೂಗು ಮುಚ್ಚಿಕೊಂಡೆ. ಆದರೆ ಅವಳು ಕೊನೆಯ ಗುಟುಕು ಕುಡಿಯುವ ತನಕ ನಾನು ಗೋಡೆಯ ಕಡೆ ತಿರುಗಲಿಲ್ಲ.