ಬಾಗಿಲು ಮುಚ್ಚಿದ್ದರೆ ಒಳಗೆ ಯಾರೂ ಇಲ್ಲ

ಬೆಟಗೇರಿಯ ಜಹಾಂಗೀರ ಮಾಸ್ತರರಷ್ಟು ಅಂಜುಬುರುಕ ಮನುಷ್ಯ ಗದಗ ಸೀಮೆಯಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ. ಹಗ್ಗ ಕಂಡರೂ ಹಾವೆನ್ನುವ ಜಾತಿ. 1986ರಲ್ಲಿ ಗದಗಿನ ಒಂದು ಖಾಸಗಿ ತರಗತಿಯಲ್ಲಿ ಅವರು ಹುಡುಗರಿಗೆ ಕಂಪ್ಯೂಟರಿನ ತರ್ಕ ಕಲಿಸುತ್ತಿದ್ದರು. ‘ಮತ್ತು’, ‘ಅಥವಾ’, ‘ಅಲ್ಲ’, ಈ ಮೂರು ಮಾತಿನ ಮೇಲೆಯೇ ಆ ಯಂತ್ರದ ಬುದ್ಧಿಯೆಲ್ಲ ನಿಂತಿದೆ ಎಂದು ಹೇಳಿ, ಬೋರ್ಡಿನ ಮೇಲೆ ಸರಿ-ತಪ್ಪುಗಳ ಕೋಷ್ಟಕ ಬರೆಯುವಾಗ ಸಾಲುಸಾಲಿಗೂ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಹುಡುಗರು ಮುಸಿಮುಸಿ ನಗುತ್ತಿದ್ದರು.

“ಸರ, ಮುಂದ ಮಶೀನು ತಾವ ವಿಚಾರ ಮಾಡ್ತಾವಂತ. ಖರೇನ್ರಿ?” ಎಂದು ಒಬ್ಬ ಕೇಳಿದ.

“ಮಾಡ್ತಾವಪಾ. ಆದ್ರ ಮೊದಲನೇ ಮಾತು ನಾವ ಹೇಳಿಕೊಡಬೇಕಲ್ಲ. ನನಗ ಅಂಜಿಕಿ ಇರೂದು ಅದರದ.”

ಆ ಅಂಜಿಕೆ ಹುಟ್ಟಿದ್ದು 1979ರಲ್ಲಿ. ಆಗ ಅವರಿನ್ನೂ ಮಾಸ್ತರರಲ್ಲ, ಪುಂಡಲೀಕಪ್ಪ ಸಾವುಕಾರರ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ವೈರ್‌ಮನ್ ಆಗಿದ್ದ ಬರೀ ಜಹಾಂಗೀರ. ಅಲ್ಲಿ ಅರಳೆಯನ್ನು ಒತ್ತಿ ಅಂಡಿಗೆ ಎಂಬ ದೊಡ್ಡ ಗಂಟು ಕಟ್ಟಲು, ಪಕ್ಕದಲ್ಲಿ ಬಾಗಿಲಿದ್ದ ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆಯಿತ್ತು. ಗಂಡಾಳುಗಳು ಒಳಹೊಕ್ಕು ಅರಳೆ ತುಳಿಯುತ್ತಿದ್ದರು; ಅವರು ಹೊರಬಂದ ಮೇಲೆ ಕಬ್ಬಿಣದ ಭಾರ ಮೇಲಿನಿಂದ ಇಳಿದು ಅದನ್ನು ಅಮುಕುತ್ತಿತ್ತು. ಮುದುಕ ಈಶಪ್ಪ ಪ್ರತಿ ಸಲವೂ ಬಾಗಿಲಿಗೆ ಬಂದು, “ಯಾರರ ಅದೀರೇನ್ರೋ ಒಳಗ?” ಎಂದು ಒದರಿಯೇ ಗುಂಡಿ ಒತ್ತುತ್ತಿದ್ದ.

ಅಂಚೆಯ ಮೂಲಕ ತರ್ಕದ ಗಣಿತ ಕಲಿಯುತ್ತಿದ್ದ ಜಹಾಂಗೀರನಿಗೆ ಇದು ಸರಿ ಕಾಣಲಿಲ್ಲ. ಮುದುಕ ಒಂದು ದಿನ ಮರೆತರೆ? ಅವನು ವಾದ ಕಟ್ಟಿದ. ಒಳಗೆ ಆಳಿದ್ದರೆ ಬಾಗಿಲು ತೆರೆದೇ ಇರುತ್ತದೆ, ಆ ಧೂಳಿನಲ್ಲಿ ಬಾಗಿಲು ಹಾಕಿಕೊಂಡು ಯಾರು ತುಳಿದಾರು? ಅಂದಮೇಲೆ, ಬಾಗಿಲು ಮುಚ್ಚಿದ್ದರೆ ಒಳಗೆ ಯಾರೂ ಇಲ್ಲ. ಕೋಷ್ಟಕ ಹಾಕಿ ನೋಡಿದ, ಎಲ್ಲೂ ತಪ್ಪಿರಲಿಲ್ಲ. ಅದರ ಪ್ರಕಾರವೇ ತಂತಿ ಎಳೆದ. ಬಾಗಿಲು ಮುಚ್ಚಿದರೆ ಹಸಿರು ದೀಪ. ದೀಪ ಹತ್ತಿದರಷ್ಟೇ ಭಾರ ಇಳಿಯುವುದು. ಇಳಿಯತೊಡಗಿದ ಕೂಡಲೇ ಬಾಗಿಲಿಗೆ ಬೋಲ್ಟು ಬೀಳುವುದು, ಭಾರ ಪೂರ್ತಿ ಮೇಲೇರುವ ತನಕ ಅದು ಬಿಚ್ಚದು. ಸಾವುಕಾರರು ಖುಷಿಯಾಗಿ ಈಶಪ್ಪನನ್ನು ತೂಕದ ಕೆಲಸಕ್ಕೆ ಕಳಿಸಿದರು. “ಇನ್ನ ಆತನ ಜರೂರ ಇಲ್ರಿ” ಎಂದವನು ಜಹಾಂಗೀರನೇ.

ಒಂದು ಮಧ್ಯಾಹ್ನ ಆಳುಗಳು ಬುತ್ತಿ ಬಿಚ್ಚಿದ್ದರು, ಯಂತ್ರಗಳು ನಿಂತಿದ್ದವು. ಕರೆಂಟು ಹೋಗುವ ಹೊತ್ತಾಯಿತೆಂದು ಸಾವುಕಾರರಿಗೆ ಅವಸರ.

“ಜಹಾಂಗೀರಾ, ಅಷ್ಟರಾಗ ಅದೊಂದು ಅಂಡಿಗಿ ಒತ್ತಿಬಿಡು.”

ದೀಪ ಹಸಿರಿತ್ತು. ಒತ್ತಿದ. ಭಾರ ಗುಂಯ್‌ಗುಡುತ್ತ ಇಳಿಯತೊಡಗಿತು. ಪೆಟ್ಟಿಗೆಯೊಳಗೆ ಒಂದು ಕೂಸು ಅತ್ತಿತು.

ಜಹಾಂಗೀರ ನಿಲ್ಲಿಸುವ ಗುಂಡಿಗೆ ಕೈ ಅಪ್ಪಳಿಸಿದ; ಭಾರ ನಡುವೆಯೇ ನಿಂತಿತು. ಒಳಗಿನಿಂದ ಹೆಣ್ಣಿನ ಚೀರಾಟ, ಬಾಗಿಲು ಬಡಿಯುವ ಸದ್ದು. ಊಟ ಬಿಟ್ಟು ಓಡಿಬಂದ ಹೆಂಗಸರು ಬಾಗಿಲು ಜಗ್ಗಿದರೆ ಅದು ಮಿಸುಕಲಿಲ್ಲ. ಅವನೇ ಹಾಕಿದ ಬೋಲ್ಟು, ಅವನೇ ಬರೆದ ನಿಯಮ. ಭಾರವನ್ನು ಮೇಲೇರಿಸಬೇಕು. ಏರಿಸುವ ಗುಂಡಿ, ಇಳಿಸುವ ಗುಂಡಿ ಎರಡೂ ಒಂದರ ಕೆಳಗೊಂದು. ಯಾವುದು ಯಾವುದೆಂಬುದೇ ಆ ಗಳಿಗೆಯಲ್ಲಿ ಅವನಿಗೆ ಮರೆತುಹೋಯಿತು. ತಪ್ಪು ಗುಂಡಿ ಒತ್ತಿದರೆ? ಒತ್ತುವ ಮೊದಲೇ ಕರೆಂಟು ಹೋದರೆ? ಇಷ್ಟು ಭಯವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. “ಯಾ ಅಲ್ಲಾ” ಎಂದು ಮೇಲಿನದನ್ನು ಒತ್ತಿದ. ಭಾರ ನಿಧಾನವಾಗಿ ಏರಿತು, ಬೋಲ್ಟು ಕಳಚಿತು.

ಅರಳೆ ಹೆಕ್ಕುವ ನೀಲಗಂಗವ್ವ ಕೂಸನ್ನು ಅವಚಿಕೊಂಡು ಹೊರಬಿದ್ದಳು. ಇಬ್ಬರಿಗೂ ಏನೂ ಆಗಿರಲಿಲ್ಲ. ಹೆಣ್ಣಾಳುಗಳಲ್ಲಿ ಹಿರಿಯಳಾದ ಕಳಕವ್ವ ಆಕೆಯನ್ನು ಹಿಡಿದುಕೊಂಡು ಜಹಾಂಗೀರನ ಮೇಲೆ ಹರಿಹಾಯ್ದಳು.

“ಕೂಸಿಗೆ ಹಾಲು ಕುಡಸಾಕ ನಮಗ ಮರೀ ಜಾಗಾ ಎಲ್ಲೈತಿ? ಊಟದ ಹೊತ್ತಿನ್ಯಾಗ ಇದರಾಗ ಬಾಗಲಾ ಹಾಕ್ಕೊಂಡು ಕುಂಡ್ರತೀವಿ. ಈಶಪ್ಪ ಮುತ್ಯಾ ಒದರತಿದ್ದ, ಎದ್ದು ಬರತಿದ್ವಿ.”

“ನನಗ ಯಾರೂ ಹೇಳಲಿಲ್ಲ, ಕಳಕವ್ವ.”

“ಗಂಡಸರಿಗೆ ಹೇಳೂ ಮಾತೇನೋ ಇದು? ನೀ ಕೇಳಿದ್ಯೇನು?”

ಕೇಳಿರಲಿಲ್ಲ. ಗಣಿತವನ್ನು ಹಿಂದೆ ಮುಂದೆ ತಿರುವಿ ತಿರುವಿ ನೋಡಿದ ಮಹಾಶಯ, ಆ ಪೆಟ್ಟಿಗೆಯ ಪಕ್ಕದಲ್ಲೇ ದುಡಿಯುವ ಹೆಂಗಸರನ್ನು ಒಂದು ಮಾತು ಕೇಳಿರಲಿಲ್ಲ.

ನೀಲಗಂಗವ್ವ ಮಾತ್ರ ಬೈಯಲಿಲ್ಲ. ಕೂಸಿನ ತಲೆಗೆ ಅಂಟಿದ ಅರಳೆ ಬಿಡಿಸುತ್ತ, ಇನ್ನೂ ಏದುಸಿರು ಬಿಡುತ್ತಲೇ ಹೇಳಿದಳು.

“ಈಶಪ್ಪ ಹ್ವಾದ ಮ್ಯಾಲ ನನಗೂ ಅಂಜಿಕಿ ಇತ್ರಿ ಅಣ್ಣಾ. ಆದ್ರ ಹಸರು ದೀಪ ಇದ್ರ ಜೀವಕ್ಕ ಅಪಾಯ ಇಲ್ಲಂತ ನೀವ ಎಲ್ಲಾರಿಗೂ ಹೇಳಿದ್ರಲ್ಲ. ಬಾಗಲಾ ಹಾಕಿದ ಕೂಡಲೆ ದೀಪ ಹತ್ತಿತು. ಸಂದಿನ್ಯಾಗಿಂದ ಅದನ್ನ ನೋಡಿ, ಧೈರ್ಯಾ ತಗೊಂಡು ಕುಂತೆ.”